ಕುಲೆ ಮದುವೆಯ ನಡುವಿನ ಫೈಲು

ನಗುದಾದ್ರೆ ಈಗಲೇ ನಗಿ ಮುಗಿಸಿ. ನಡುವಲ್ಲಿ ಹಲ್ಲು ಕಿಸಿದ್ರೆ ನಾನು ಹೇಳುದನ್ನು ನಿಲ್ಲಿಸಿ ಮಲಗ್ತೇನೆ. ಇದು ಅಜ್ಜಿಕತೆ ಅಲ್ಲ. ನನ್ನ ಚಿಕ್ಕಮ್ಮನ ಮಗ ಜಯಪ್ರಕಾಶನಿಗೆ ಆದದ್ದು. ದರ್ಬೆ ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾನಲ್ಲ, ಅವನೇ.

ಆ ರಾತ್ರಿ ಅವನು ಬೆಟ್ಟಂಪಾಡಿಯ ಒಂದು ಮನೆಯಿಂದ ಇಳಿದು ಬರ್ತಿದ್ದ. ಕಾರು ಕೆಳಗೆ ಡಾಮರು ರಸ್ತೆಯಲ್ಲಿ. ದಾರಿಯಲ್ಲಿ ಒಂದು ಹಳೇ ಬಾವಿ ಉಂಟು, ಯಾರೂ ನೀರು ಸೇದುದಿಲ್ಲ, ಮೇಲೆ ಕಬ್ಬಿಣದ ಬಲೆ ಹಾಕಿ ಬಿಟ್ಟಿದ್ದಾರೆ. ಇವನ ಹೆಗಲಲ್ಲಿ ಕ್ಯಾಮರಾದ ಬ್ಯಾಗು, ಕಂಕುಳಲ್ಲಿ ಟ್ರೈಪಾಡು, ಕೈಯಲ್ಲಿ ಮೊಬೈಲಿನ ಟಾರ್ಚು. ಬಾವಿಯ ಹತ್ತಿರ ಬಂದಾಗ...

ಟಿಕ್.

ಸ್ವಲ್ಪ ಬಿಟ್ಟು... ಸರ್ರ್...

ನಿಂತ. ಬಾವಿಯಿಂದ ಅಲ್ಲ. ಹಿಂದಿನಿಂದಲೂ ಅಲ್ಲ. ಹೆಗಲಿನ ಬ್ಯಾಗಿನ ಒಳಗಿಂದ ಬಂದ ಹಾಗೆ. ಆಗ ಆ ಮನೆಯಲ್ಲೂ ಕೇಳಿದ ಸದ್ದು, ಚಿಕ್ಕಂದಿನಲ್ಲಿ ಅಮ್ಮನ ಹತ್ತಿರ ಕೂತು ದಿನಾ ಕೇಳಿದ ಸದ್ದು, ಆದ್ರೆ ಯಾವುದೆಂದು ನಾಲಗೆಗೆ ಬರ್ಲಿಲ್ಲ. ಕ್ಯಾಮರಾ ಆಫ್ ಮಾಡ್ಲಿಕ್ಕೆ ಮರೆತೆನೋ ಅಂತ ಬ್ಯಾಗಿನ ಜಿಪ್ ಎಳೆದು ನೋಡಿದ. ಆಫ್ ಆಗಿಯೇ ಇತ್ತು. ಮತ್ತೆ ಅವನು ನಡೆದದ್ದಲ್ಲ, ಓಡಿದ್ದು.

ಆ ಮನೆಯಲ್ಲಿ ಎಂತ ಇತ್ತು ಅಂತ ಹೇಳ್ಬೇಕಲ್ಲ. ಮದುವೆ. ಆಟಿ ತಿಂಗಳಲ್ಲಿ, ಅಂದ್ರೆ ಆಷಾಢದಲ್ಲಿ, ಯಾವ ಮದುವೆ ಅಂತ ಕೇಳ್ಬೇಡಿ, ನಮ್ಮ ಕಡೆಯವರಿಗೆ ಗೊತ್ತುಂಟು. ಕುಲೆ ಮದುವೆ. ಸತ್ತವರಿಗೆ ಸತ್ತವರನ್ನು ತಂದು ಮಾಡುದು. ಮನೆಯೊಡತಿ ಕುಮುದಿನಿಯಕ್ಕನ ದೊಡ್ಡ ಮಗಳು ಶರ್ಮಿಳಾ ಮೂರು ವರ್ಷದ ಮಗು ಆಗಿರುವಾಗಲೇ ಜ್ವರದಲ್ಲಿ ಹೋದವಳು. ಈಗ ಇದ್ದಿದ್ರೆ ಮೂವತ್ತು ದಾಟುತ್ತಿತ್ತು. ಹೋದವರು ಅಲ್ಲಿ ನಮ್ಮ ಹಾಗೆಯೇ ಬೆಳೀತಾರೆ, ಪ್ರಾಯಕ್ಕೆ ಬರ್ತಾರೆ, ಅವರಿಗೂ ಒಂದು ಸಂಸಾರ ಬೇಕು ಅಂತ ನಂಬಿಕೆ. ಕಡಬದ ಆಚೆ ಪೂವಕ್ಕ ಅಂತ ಒಬ್ಬರು, ಅವರ ಮಗನೂ ಹೀಗೇ ಸಣ್ಣದರಲ್ಲೇ ತೀರಿಕೊಂಡದ್ದು. ಕೇಳಿ, ನೋಡಿ, ಬಳಿ, ಗೋತ್ರ ಎಲ್ಲ ವಿಚಾರಿಸಿ ಸಂಬಂಧ ಕುದುರಿತು.

ಸೀರೆ, ರವಿಕೆ, ಬಳೆ, ಕರಿಮಣಿ, ಎಲ್ಲ ತಂದರು. ಒಳಲಂಗ ಹೊಲಿಸ್ಲಿಕ್ಕೆ ಹೋದಾಗ ಟೈಲರ್ ಉದ್ದ ಎಷ್ಟು ಅಂತ ಕೇಳಿದ್ದಾನೆ. ಪಾಪ, ಕುಮುದಿನಿಯಕ್ಕ ಎಂತ ಹೇಳುದು? ಮಗಳನ್ನು ಕೊನೆಗೆ ಎತ್ತಿಕೊಂಡದ್ದು ಸೊಂಟದಲ್ಲಿ. ಅಲ್ಲಿಯೇ ಕಣ್ಣೊರೆಸಿ, ನನ್ನ ಅಳತೆಗೇ ಹೊಲಿ ಅಂದರಂತೆ. ಅವರು ಮೋಟು ಹೆಂಗಸು.

ಇನ್ನು ಪೂವಕ್ಕ. ಅವರು ಮಂಚ ಹಿಡಿದು ತಿಂಗಳುಗಳೇ ಆಗಿತ್ತು. ಆಸ್ಪತ್ರೆಯವರು, ಮನೆಗೆ ಕರ್ಕೊಂಡು ಹೋಗಿ, ಇಷ್ಟವಾದದ್ದು ಕೊಡಿ ಅಂದಿದ್ರು. ಅವರಿಗೆ ಇಷ್ಟವಾದದ್ದು ಒಂದೇ, ಮಗನ ಮದುವೆ ನೋಡಿ ಕಣ್ಣು ಮುಚ್ಚುದು. ಬೆಟ್ಟಂಪಾಡಿಗೆ ಬರ್ಲಿಕ್ಕೆ ಆಗುದಿಲ್ಲ. ಅದಕ್ಕೇ ವೀಡಿಯೋ. ಆ ರಾತ್ರಿಯೇ ತೋರಿಸ್ತೇನೆ ಅಂತ ಜಯಪ್ರಕಾಶ ಮಾತು ಕೊಟ್ಟಿದ್ದ. ನಾಳೆಯವರೆಗೆ ಅವರು ಇರ್ತಾರೆ ಅಂತ ಯಾರಿಗೂ ಧೈರ್ಯ ಇರ್ಲಿಲ್ಲ.

ಸರಿ, ಇಲ್ಲೊಂದು ತೊಡಕು. ಮದುವೆ ಆಗದವರು ಕುಲೆ ಮದುವೆ ನೋಡ್ಲಿಕ್ಕಿಲ್ಲ. ನಮ್ಮ ಜಯಪ್ರಕಾಶನಿಗೆ ನಲ್ವತ್ತಾದ್ರೂ ಇನ್ನೂ ಹೆಣ್ಣು ನೋಡುದೇ ಆಯ್ತು. ಅವನ ಜೊತೆಗಾರ ಸಲಾಂ ಎರಡು ಮಕ್ಕಳ ತಂದೆ, ಕ್ಯಾಮರಾ ಹಿಡೀಬೇಕಾದದ್ದು ಅವನು. ಆದ್ರೆ ಅವನ ಮನೆ ಕಡಬದ ಕಡೆ, ಗುಡ್ಡ ಜರಿದು ಆ ರಸ್ತೆ ಬಂದ್. ಮದುವೆ ನಡೆಸಿಕೊಡುವ ಹಿರಿಯರು ಬೆಳ್ಯಪ್ಪಣ್ಣ ತಲೆ ಕೆರೆದುಕೊಂಡು, ನೀನು ಕ್ಯಾಮರಾ ನಿಲ್ಲಿಸಿ, ಆನ್ ಮಾಡಿ, ಜಗಲಿಗೆ ಬಂದುಬಿಡು ಅಂದರು. ಇವನು ಹಾಗೇ ಮಾಡಿದ.

ಒಳಗೆ ಎರಡು ಕುರ್ಚಿ. ಒಂದರಲ್ಲಿ ಪಂಚೆ, ಶಲ್ಯ. ಇನ್ನೊಂದರಲ್ಲಿ ಸೀರೆ, ಅದರಡಿಯಲ್ಲಿ ಲಂಗ. ಸೀರೆ ಇಟ್ಟ ಮೇಲೆ ಮದುಮಗಳಿಗೆ ಉಡ್ಲಿಕ್ಕೆ ಸಮಯ ಕೊಡ್ಬೇಕು. ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿ, ಬಾಗಿಲಿಗೆ ಬೆನ್ನು ಮಾಡಿ ನಿಂತರು. ಹೆಂಗಸರು ಪಿಸುಪಿಸು ಅಂತ, ಅವಸರ ಮಾಡ್ಬೇಡಿ, ನೆರಿಗೆ ಹಿಡೀಲಿಕ್ಕೆ ಹೊತ್ತು ಬೇಕು ಅಂತ ಹೇಳ್ತಿದ್ರು. ಆಗ ಇವನಿಗೆ ಹೊಳೆಯಿತು. ಕ್ಯಾಮರಾ ಒಳಗೆ ಓಡ್ತಾ ಉಂಟು! ಬಾಗಿಲು ತೆಗೆಯುವ ಹಾಗಿಲ್ಲ. ಹೇಳಿದ್ರೆ ಹೆಂಗಸರು ಚಪ್ಪಲಿಯಲ್ಲಿ ಹೊಡೀತಾರೆ. ಬಾಯಿ ಮುಚ್ಚಿಕೊಂಡು ನಿಂತ. ಆಗಲೇ ಒಳಗಿನಿಂದ ಮೊದಲ ಸಲ...

ಟಿಕ್... ಸರ್ರ್...

ಬೇರೆ ಯಾರಿಗೂ ಕೇಳಿದ ಹಾಗೆ ಕಾಣ್ಲಿಲ್ಲ. ಬಾಗಿಲು ತೆಗೆದಾಗ ಸೀರೆ ಇಟ್ಟಲ್ಲೇ, ಮಡಚಿದ ಹಾಗೇ ಇತ್ತಂತೆ. ಕರಿಮಣಿ ಕಟ್ಟುದು, ಬಾಳೆಲೆ ಹಾಕಿ ಬಡಿಸುದು, ಎಲ್ಲ ಚಂದದಲ್ಲಿ ಮುಗಿಯಿತು.

ದರ್ಬೆಗೆ ಬಂದು ಶಟರ್ ಅರ್ಧ ಎತ್ತಿ ಒಳಗೆ ನುಗ್ಗಿದ. ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಎಲ್ಲ ಕಾಪಿ ಮಾಡಿದ. ಇವರ ಕೆಲಸದ ಕ್ರಮ ಹೀಗೆ: ಸಲಾಮನ ಮನೆಯಲ್ಲಿ ಒಂದು ಪೆಟ್ಟಿಗೆ, ಅದರೊಳಗೆ ಹಾರ್ಡ್ ಡಿಸ್ಕು. ಅದನ್ನು ಇಂಟರ್ನೆಟ್ಟಿನ ಎಫ್‌ಟಿಪಿ ದಾರಿಯಲ್ಲಿ ದರ್ಬೆಯ ಕಂಪ್ಯೂಟರಿಗೆ ಮೌಂಟ್ ಮಾಡಿ, ಜೋಡಿಸಿ ಇಟ್ಟಿದ್ದಾರೆ. ಇಲ್ಲಿ ಝಡ್ ಡ್ರೈವ್ ಅಂತ ಕಾಣ್ತದೆ, ಇದೇ ಕಂಪ್ಯೂಟರಿನ ಒಳಗೆ ಇದ್ದ ಹಾಗೆ. ಇಲ್ಲಿ ಎಳೆದು ಹಾಕಿದ್ರೆ ಕಡಬದಲ್ಲಿ ಇಳೀತದೆ. ಸಲಾಂ ಅಲ್ಲಿಂದ ಲ್ಯಾಪ್‌ಟಾಪಿಗೆ ಹಾಕಿಕೊಂಡು ಪೂವಕ್ಕನ ಮನೆಗೆ ಹೋಗುದು. ಬೇಲಿ ದಾಟಿದ್ರೆ ಅವರ ಮನೆ.

ಮೊದಲ ಫೈಲು ಸರಾಗ ಹೋಯ್ತು. ಎರಡನೆಯದಕ್ಕೆ, ಎಷ್ಟು ಹೋಯ್ತು ಅಂತ ತೋರಿಸುವ ಹಸಿರು ಗೆರೆ ನಡುವಲ್ಲೇ ನಿಂತಿತು. ನಿಂತದ್ದು ನಿಂತೇ ಬಿಟ್ಟಿತು. ಆಮೇಲೆ ಟೈಮ್‌ಔಟ್, ಹೊತ್ತು ಮೀರಿತು ಅಂತ. ಪುನಃ ಹಾಕಿದ. ಪುನಃ ಅದೇ.

ಸಲಾಮನಿಗೆ ಫೋನ್. ಮಕ್ಕಳು ಮಲಗಿದ್ದಾರೆ ಅಂತ ಅವನು ಗುಟ್ಟಿನಲ್ಲಿ ಮಾತಾಡ್ತಾನೆ. ರೂಟರ್ ಆಫ್ ಮಾಡಿ ಆನ್ ಮಾಡಿ ಅಂದ. ಮಾಡಿದ. ಡ್ರೈವ್ ತೆಗೆದು ಪುನಃ ಮೌಂಟ್ ಮಾಡಿ ಅಂದ. ಮಾಡಿದ. ಪ್ಯಾಸಿವ್ ಮೋಡಿಗೆ ಹಾಕಿದ್ದಾಯ್ತು, ಟೈಮ್‌ಔಟ್ ಹೆಚ್ಚು ಕೊಟ್ಟದ್ದಾಯ್ತು, ಆ್ಯಂಟಿವೈರಸ್ ನಿಲ್ಲಿಸಿದ್ದಾಯ್ತು. ಝಡ್ ಡ್ರೈವ್ ಬಿಟ್ಟು ಬೇರೆ ಸಾಫ್ಟ್‌ವೇರಿನಲ್ಲಿ ಕಳಿಸಿ ನೋಡಿದ್ದೂ ಆಯ್ತು. ಊಹುಂ. ಲೈನೇ ಸರಿ ಇಲ್ಲವೋ ಅಂತ ಯಾರದೋ ಹಳೇ ಗೃಹಪ್ರವೇಶದ ಫೋಲ್ಡರು ಹಾಕಿದ್ರೆ, ಅದು ಸರಸರ ಅಂತ ಹೋಗ್ತದೆ! ಇವನಿಗೆ ಕೂತಲ್ಲಿ ಕೂರ್ಲಿಕ್ಕೆ ಆಗುದಿಲ್ಲ. ಎದ್ದು ಶಟರಿನ ಹತ್ತಿರ ಹೋಗುದು, ಬರುದು, ಗೆರೆ ನೋಡುದು. ಅಲ್ಲಿ ಪೂವಕ್ಕ ಕಾಯ್ತಿದ್ದಾರೆ. ಬಂತಾ, ಬಂತಾ ಅಂತ ಕೇಳಿ ಕೇಳಿ ಈಗ ಕೇಳುದನ್ನೂ ನಿಲ್ಲಿಸಿದ್ದಾರೆ ಅಂತ ಸಲಾಂ ಹೇಳಿದ.

ಆ ಎರಡನೇ ಫೈಲನ್ನು ಬಿಟ್ಟು ಉಳಿದದ್ದು ಕಳಿಸುವಾ ಅಂತ ನೋಡಿದ. ಅದೂ ನಿಂತಿತು. ಫೋಲ್ಡರಿನಲ್ಲಿ ಇದು ಇರುವಷ್ಟು ಹೊತ್ತು ಯಾವುದೂ ಹೋಗುದಿಲ್ಲ ಅಂತ ಹಟ ಹಿಡಿದ ಹಾಗೆ.

"ಜಯಣ್ಣ..." ಸಲಾಂ ಇನ್ನೂ ಮೆಲ್ಲ ಅಂದ. "ನಿಮ್ಮಲ್ಲಿ ಎಂತದೋ ಸದ್ದು ಕೇಳ್ತದಾ?"

"ಎಂತ ಸದ್ದು?"

"ನಮ್ಮ ಪೆಟ್ಟಿಗೆಯಿಂದ. ಡಿಸ್ಕ್ ಹೋಯ್ತಾ ಅಂತ ಹೆದರಿಕೆ ಆಗ್ತದೆ. ಇಗೊ, ಕೇಳಿ."

ಫೋನನ್ನು ಪೆಟ್ಟಿಗೆಗೆ ಹಿಡಿದ.

ಟಿಕ್... ಸರ್ರ್... ಟಿಕ್...

ಅದೇ ಹೊತ್ತಿಗೆ ಇವನ ಮೇಜಿನ ಕೆಳಗಿನ ಕಂಪ್ಯೂಟರಿನಿಂದಲೂ. ಟಿಕ್.

ಫೈಲು ಕೆಟ್ಟಿರ್ಬೇಕು, ಒಮ್ಮೆ ಓಪನ್ ಮಾಡಿ ನೋಡಿ ಅಂತ ಸಲಾಂ ಅಂದ. ಯಾವ ಫೈಲು ಅಂತ ಜಯಪ್ರಕಾಶ ಅದುವರೆಗೆ ಯೋಚನೆಯೇ ಮಾಡಿರ್ಲಿಲ್ಲ. ಉದ್ದದ ರೆಕಾರ್ಡಿಂಗ್ ಆದ್ರೆ ಕ್ಯಾಮರಾ ತಾನೇ ತುಂಡು ತುಂಡು ಮಾಡಿಕೊಂಡು ಹೋಗ್ತದೆ. ಈಗ ಮೊದಲಿನದ್ದರ ಕೊನೆ ನೋಡಿದ. ಬಾಗಿಲು ಹಾಕುದು. ಮೂರನೆಯದ್ದರ ಶುರು ನೋಡಿದ. ಬಾಗಿಲು ತೆಗೆಯುದು. ನಡುವಿನದ್ದರ ಮೇಲೆ ಬಾಣ ತಂದು ನಿಲ್ಲಿಸಿದ.

ನೋಡ್ಬೇಕು ಅಂತ ಆಸೆ ಆಯ್ತಂತೆ. ಅವನೇ ನನ್ನ ಹತ್ತಿರ ಹೇಳಿದ್ದು, ಮುಚ್ಚಿಡ್ಲಿಲ್ಲ. ಹೆದರಿಕೆಗಿಂತ ಆಸೆಯೇ ಹೆಚ್ಚು. ಒಂದು ಕ್ಲಿಕ್ಕು, ಅಷ್ಟೇ. ಆಮೇಲೆ ಅವನಿಗೆ ತನ್ನ ತಂಗಿಯ ಮದುವೆ ನೆನಪಾಯ್ತು. ಹುಡುಗಿ ಉಡುವ ಕೋಣೆಗೆ ಯಾರೋ ಹುಡುಗ ಮೊಬೈಲು ಹಿಡಿದು ಇಣುಕಿದ್ದಕ್ಕೆ ಇವನೇ ಅವನ ಕಾಲರ್ ಹಿಡಿದು ಅಂಗಳಕ್ಕೆ ನೂಕಿದ್ದ.

ಪರದೆಯಿಂದ ಮುಖ ಆಚೆ ತಿರುಗಿಸಿದ. ಖಾಲಿ ಸ್ಟುಡಿಯೋ. ಯಾರೂ ಇಲ್ಲ.

"ತಂಗಿ ಶರ್ಮಿಳಾ..." ಅಂದ. "ನಾನು ನೋಡ್ಲಿಲ್ಲ. ನೋಡುದೂ ಇಲ್ಲ. ನನ್ನಿಂದ ತಪ್ಪಾಯ್ತು. ಅಲ್ಲಿ ನಿನ್ನ ಅತ್ತೆ ಕಾಯ್ತಿದ್ದಾರೆ, ಅವರಿಗಾದ್ರೂ ಬಿಡು."

ಟಿಕ್ ನಿಂತಿತು.

ಓರೆಗಣ್ಣಿನಲ್ಲಿ ಹೆಸರು ಮಾತ್ರ ನೋಡಿಕೊಂಡು ಆ ಫೈಲನ್ನು ಡಿಲೀಟ್ ಮಾಡಿದ. ಕಾರ್ಡಿನಲ್ಲಿ ಇದ್ದದ್ದನ್ನೂ. ಕಂಪ್ಯೂಟರಿನ ಕಸದ ಬುಟ್ಟಿಯಿಂದಲೂ. ಉಳಿದದ್ದನ್ನು ಝಡ್ ಡ್ರೈವಿಗೆ ಎಳೆದು ಹಾಕಿ ಕಣ್ಣು ಮುಚ್ಚಿಕೊಂಡು ಕೂತ. ಕಣ್ಣು ಬಿಡುವಾಗ ಹಸಿರು ಗೆರೆ ತುದಿ ಮುಟ್ಟಿತ್ತು. ಆ ಲೈನಿನಲ್ಲಿ ಅಷ್ಟು ಬೇಗ ಯಾವತ್ತೂ ಹೋದದ್ದಿಲ್ಲ, ಮೊದಲೂ ಇಲ್ಲ, ಆಮೇಲೂ ಇಲ್ಲ.

ಸಲಾಂ ಲ್ಯಾಪ್‌ಟಾಪು ಹಿಡಿದು ಬೇಲಿ ದಾಟಿದ. ಪೂವಕ್ಕನಿಗೆ ದಿಂಬು ಕೊಟ್ಟು ಕೂರಿಸಿದ್ರು. ಎರಡು ಕುರ್ಚಿ, ಅದರ ಮೇಲೆ ಬಟ್ಟೆ, ಸುತ್ತ ಜನ. ಸಲಾಮನಿಗೆ ಕಂಡದ್ದು ಅಷ್ಟೇ. ಅವನು ಸುಳ್ಳು ಹೇಳುವ ಜಾತಿ ಅಲ್ಲ. ಪೂವಕ್ಕ ಮಾತ್ರ ಕಣ್ಣು ಮಿಟುಕಿಸದೆ ನೋಡಿದ್ರಂತೆ. ಬಡಿಸುವಲ್ಲಿಗೆ ಬಂದಾಗ ನಕ್ಕರಂತೆ. ಪೂರ್ತಿ ಮುಗಿದ ಮೇಲೆ ಸಲಾಮನ ಕೈ ಹಿಡಿದುಕೊಂಡು ಹೇಳಿದ್ದು ಇದು:

"ಹುಡುಗಿ ಒಳ್ಳೆ ಎತ್ತರ ಉಂಟು ಮಗಾ. ಲಂಗ ಗಿಡ್ಡ ಆಗಿ ಪಾಪ, ಅಂಚು ಬಿಚ್ಚಿ ಉಟ್ಟಿದ್ದಾಳೆ. ಬೀಗಿತ್ತಿಗೆ ಹೇಳು, ಅಳತೆ ತಪ್ಪಿತು ಅಂತ ಬೇಸರ ಮಾಡುದು ಬೇಡ."

ಬೆಳಿಗ್ಗೆ ಎರಡು ಚಮಚ ಗಂಜಿನೀರು ಕುಡಿದು ಮಲಗಿದವರು ಮತ್ತೆ ಏಳ್ಲಿಲ್ಲ. ಮುಖದಲ್ಲಿ ಒಂದು ಸಂಕಟ ಇರ್ಲಿಲ್ಲ ಅಂತ ನೋಡಿದವರು ಹೇಳ್ತಾರೆ.

ಸಲಾಂ ಆ ಮಾತನ್ನು ಜಯಪ್ರಕಾಶನಿಗೆ ಹೇಳಿದ. ಜಯಪ್ರಕಾಶ ಒಬ್ಬನೇ ಆ ಮನೆಗೆ ಹೋಗ್ಲಿಕ್ಕೆ ಹೆದರಿ ನನ್ನನ್ನು ಕರ್ಕೊಂಡು ಹೋದ, ಹಗಲಲ್ಲಿಯೇ. ಮದುಮಗಳ ಬಟ್ಟೆಯನ್ನು ಅವತ್ತೇ ಮಡಚಿದ ಹಾಗೆಯೇ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ರು, ಯಾರೂ ಉಡ್ಲಿಕ್ಕಿಲ್ಲ ಅಲ್ವಾ. ಪೂವಕ್ಕನ ಮಾತು ಹೇಳಿದಾಗ ಕುಮುದಿನಿಯಕ್ಕ ಕೂತಲ್ಲಿಂದ ಎದ್ದರು. ಸೆರಗಿನಿಂದ ಬೀಗದ ಕೈ ಬಿಚ್ಚಿ ಒಳಗೆ ಹೋದ್ರು. ನಾವು ಬಾಗಿಲಲ್ಲಿ ನಿಂತೆವು.

ಸೀರೆ ತೆಗೆದು ಬದಿಗಿಟ್ಟರು. ಕೆಳಗಿದ್ದ ಬಿಳಿ ಲಂಗವನ್ನು ಕೊಡವಿ ಬಿಡಿಸಿದ್ರು. ಟೈಲರ್ ನಾಲ್ಕು ಬೆರಳು ಒಳಗೆ ಮಡಚಿ ಹೊಲಿದಿದ್ದ ಅಂಚು, ಸುತ್ತ ಪೂರ್ತಿ ಬಿಚ್ಚಿ ಇಳಿದಿತ್ತು. ಅವರು ಅದನ್ನು ತಮ್ಮ ಸೊಂಟಕ್ಕೆ ಹಿಡಿದು ನೋಡಿದ್ರು. ಕೆಳಗೆ ನೆಲದ ಮೇಲೆ ಬಿದ್ದುಕೊಳ್ತಿತ್ತು. "ಅಪ್ಪನ ಹಾಗೆ ಉದ್ದ ಆಗಿದ್ದಾಳೆ" ಅಂತ ಹೇಳಿ ಅಲ್ಲಿಯೇ ಕೂತು ಅತ್ತರು. ಆಗ ನನಗೂ ತಡೀಲಿಕ್ಕೆ ಆಗ್ಲಿಲ್ಲ.

ನಂಬುದು ಬಿಡುದು ನಿಮಗೆ ಬಿಟ್ಟದ್ದು. ಬೆಟ್ಟಂಪಾಡಿ ಎಂತ ದೂರದ ಊರಲ್ಲ, ಹೋಗಿ ಕೇಳಿ, ಲಂಗ ಈಗಲೂ ಉಂಟು. ಮಡಿಕೆಯೊಳಗೆ ನೂಲಿನ ತುಂಡುಗಳೂ ಇದ್ದವು, ನಾನು ಬೆಳಕಿಗೆ ಹಿಡಿದು ನೋಡಿದ್ದೇನೆ. ಕತ್ತರಿ ಮುಟ್ಟಿಸಿದ್ದಲ್ಲ ಮಾರಾಯ್ರೆ, ಟಿಕ್ ಅಂತ ಕಡಿದು ಸರ್ರ್ ಅಂತ ಎಳೆದದ್ದು. ಒಂದೊಂದರ ತುದಿಯೂ ಹಲ್ಲಿನಲ್ಲಿ ಕಡಿದ ಹಾಗೆ ಚಪ್ಪಟೆಯಾಗಿತ್ತು.