ಇಲಿ ಕಾಟ ನಿಂತ ದಿನ

ತಗಡಿನ ಶೆಡ್ಡಿನ ಮೇಲೆ ಮಳೆ ಹುಚ್ಚೆದ್ದು ಬಾರಿಸುತ್ತಿದ್ದ ಸಂಜೆ, ಅಳಿಯ ತನ್ನ ಹಳೇ ಹಾಯಿದೋಣಿಗೆ ಕೊನೆಯ ಬಾರಿ ಮೆರುಗೆಣ್ಣೆ ಬಳಿದು, ಹಿಂದೆ ಸರಿದು ನಿಂತು, ಅದರಲ್ಲಿ ತನ್ನದೇ ಮುಖ ನೋಡಿಕೊಂಡ. ಮುಖ ಅವನಿಗೆ ಇಷ್ಟವಾಯಿತು. ಬೆಳಗ್ಗೆ ದೋಣಿ ನೀರಿಗೆ. ಮೊದಲ ಸವಾರಿಗೆ ಹೆಂಡತಿಯೂ ಜೊತೆಗೆ. ಅವಳಿಗೆ ಈಜು ಬಾರದು. ಅದಕ್ಕೇ ತಾನೇ ದೋಣಿ ಎಂಬುದು ಇವನ ಜೋಕು.

"ಇಲಿ ಕಾಟವೂ ನಿಂತಿತು ಅಜ್ಜಿ. ಹಲಗೆ ಸಂದಿಗೆ ತುಂಬಿದ ಅಂಟನ್ನ ದಿನಾ ಕಿತ್ತು ನೆಲಕ್ಕೆ ಹಾಕ್ತಿದ್ವು. ನಿನ್ನೆ ಬಾಯಿಗೆ ಬಂದ ಹಾಗೆ ಬೈದೆ ನೋಡಿ, ಇವತ್ತು ಒಂದು ಚೂರೂ ಅಲ್ಲಾಡಿಲ್ಲ!"

ಮೂಲೆಯಲ್ಲಿ ಹಾಯಿ ಹೊಲಿಯುತ್ತಿದ್ದ ಹೆಂಡತಿಯ ಅಜ್ಜಿಯ ಸೂಜಿ ಒಂದು ಗಳಿಗೆ ನಿಂತಿತು.

"ಕೂತ್ಕೊಳ್ಳಿ ಅಳಿಯಂದ್ರೇ. ನೀನೂ ಬಾರೇ," ಎಂದು ಮೊಮ್ಮಗಳನ್ನೂ ಕರೆದಳು. "ಮಳೆ ಬಿಡೋವರೆಗೆ ಒಂದು ಕತೆ...

"ಈ ಶೆಡ್ಡಲ್ಲೇ ನಿಮ್ಮ ಹಾಗೇ ಒಬ್ಬ ಇದ್ದ. ಮಿಂಚಪ್ಪ ಅಂತ ನಾವಿಟ್ಟ ಹೆಸರು. ಅವನೂ ಹಳೇ ದೋಣಿ ತಂದ, ಬಿಸಿಲಿಗೆ ಒಣಗಿ ಒಣಗಿ ಸಂದಿಯೆಲ್ಲ ಬಾಯಿಬಿಟ್ಕೊಂಡಿತ್ತು. ಅದನ್ನ ಕಟ್ಟಿದ್ದು, ಇದನ್ನ ಕಟ್ಟಿದ್ದು, ಎರಡೂ ನಮ್ಮನೆಯವ್ರೇ. ಅಷ್ಟೊತ್ತಿಗೆ ಅವರು ಸತ್ತು ಎಷ್ಟೋ ವರ್ಷವಾಗಿತ್ತು... ಒಣಮರ ನೀರು ಕುಡಿದ್ರೆ ಉಬ್ಬುತ್ತೆ ತಾನೇ? ಉಬ್ಬೋಕೆ ಜಾಗ ಬೇಡ್ವಾ? ಅದಕ್ಕೇ ಸಂದಿಗೆ ಮೆತ್ತಗೆ ಹತ್ತಿ ತುಂಬಿ, ದಡದ ನೀರಲ್ಲಿ ನೆನೆಹಾಕಿ, ಸೋರಿದಷ್ಟು ಸೋರಲಿ ಅಂತ, ಮರ ಉಬ್ಬಿ ಸಂದಿ ತಾನೇ ಮುಚ್ಕೊಳ್ಳೋವರೆಗೆ ಕಾಯಬೇಕು. ಸೋರೋದಾ? ಮಿಂಚಪ್ಪಂಗೆ ಅವಮಾನ!" ಅಜ್ಜಿ ಮೂಗಿನಿಂದ ದನಿ ತೆಗೆದಳು. "'ನನ್ ದೋಣಿ ಒಂದ್ ಹನೀನೂ ಸೋರಬಾರ್ದು!' ಹೀಗೇ ಮಾತಾಡ್ತಿದ್ದ, ನೆಗಡಿ ಹಿಡಿದ ಬಾತುಕೋಳಿ."

ಮೊಮ್ಮಗಳು ಕಿಸಕ್ಕನೆ ನಕ್ಕಳು. ಅಣಕಿಸಿದ ದನಿ ತನ್ನದೇ ಎಂದು ಅಳಿಯನಿಗೆ ಕೊಂಚ ತಡವಾಗಿ ಹೊಳೆಯಿತು.

"ಸಂದಿ ತುಂಬಾ ಕಲ್ಲಿನಂಥ ಅಂಟು ಮೆತ್ತಿದ. ಬೆಳಗ್ಗೆ ನೋಡಿದ್ರೆ... ಸಿಪ್ಪೆ ಸುಲಿದ ಹಾಗೆ ನೆಲದ ಮೇಲೆ! ಮತ್ತೆ ಮೆತ್ತಿದ, ಮತ್ತೆ ಸಿಪ್ಪೆ. ಬೀಗ ಜಡಿದು, ಒಳಗೆ ಬೆಕ್ಕು ಬಿಟ್ಟ. ಆ ಬೆಕ್ಕೋ, ಯಾರದೋ ಕಾಲಿಗೆ ಮೈ ಉಜ್ಜೋ ಹಾಗೆ ಬರೀ ಗಾಳಿಗೆ ಉಜ್ಜಿಕೊಂಡು ಸುತ್ತುತ್ತಿತ್ತು... ನಮ್ಮನೆಯವ್ರಿಗೆ ಬೆಕ್ಕಂದ್ರೆ ಪ್ರಾಣ. ಅವರು ಈ ಅಂಟು ಬೇಡ ಅಂತಿದಾರೆ ಕಣಪ್ಪ ಅಂದೆ. 'ಸತ್ತ ಬಡಗಿ ನಂಗೇನು ಕಲಿಸ್ತಾನೆ?' ಅಂತ ಇಲ್ಲೇ ನಿಂತು ಉಗಿದ. ಮಾರನೇ ದಿನ ಅಂಟು ಮೆತ್ತಿದ ಹಾಗೇ ಇತ್ತು. ದೆವ್ವ ಓಡಿಸಿದೆ ಅಂತ ಕುಣಿದ! ಓಡಿದ್ರಾ? ಥೂ... ಹೇಸಿಕೊಂಡ್ರು. ಉಳಿಸೋಕೆ ಅಂತ ಕೀಳ್ತಿದ್ರು, ಇವನು ಉಳಿಸೋಕೂ ಲಾಯಕ್ಕಿಲ್ಲ ಅಂತ ಕೈಬಿಟ್ರು. ದಿನವಿಡೀ ಹಾಯಿ ಬಿಚ್ಚಿ ಮೆರೆದ. ನಡುನೀರಲ್ಲಿ ಮರ ಉಬ್ಬಿತು. ಜಾಗ ಎಲ್ಲಿ? ಹಲಗೆ ಹಲಗೇನ ನೂಕಿ, ಮೊಳೆ ಕಿತ್ತು, ಇಡೀ ದೋಣಿ ಬಿಚ್ಕೊಂಡ್ತು. ದಡಕ್ಕೆ ಬಂದಿದ್ದು ಚೂರು ಹಲಗೆ ಮಾತ್ರ. ಅಂಟು ಮಾತ್ರ ಭಲೇ ಗಟ್ಟಿಯಾಗಿತ್ತು."

ಅದೆಲ್ಲ ಹಳೇ ಕಾಲದ್ದು ಎನ್ನಲು ಅಳಿಯ ಬಾಯಿ ತೆರೆದ. ದನಿ ಮೂಗಿನಿಂದ ಬಂದೀತೆಂದು ಮುಚ್ಚಿದ. ದೋಣಿಯ ಬುಡದಲ್ಲಿ ನೆಲ ಶುಭ್ರವಾಗಿತ್ತು.

ಅಜ್ಜಿ ಹಲ್ಲಿನಿಂದ ದಾರ ಕಡಿದು, ಮೊಮ್ಮಗಳ ಕೈ ಹಿಡಿದು ಪಕ್ಕಕ್ಕೆಳೆದುಕೊಂಡಳು.

"ನಾಳೆ ಇವಳು ಬರೋಲ್ಲ. ನೀವು ಧಾರಾಳವಾಗಿ ಹೋಗಿ ಅಳಿಯಂದ್ರೇ... ನಮ್ಮನೆಯವ್ರೇನೂ ತಡೆಯೋಲ್ಲ."