ಹುಬ್ಬಿನವರೆಗೆ ಬಂದಿದ್ದ ಮುಖ

ನಗೋದಿದ್ರೆ ಈಗ್ಲೇ ನಕ್ಕುಬಿಡಿ... ಆಮೇಲೆ ಬೇಡ. ಇದು ನನ್ನ ದೊಡ್ಡಮ್ಮನ ಮನೇಲಿ ಆಗಿದ್ದು. ಅವಳ ಚಿಕ್ಕ ಮಗನನ್ನ ನಾವೆಲ್ಲ ‘ತಂತಿ’ ಅಂತಿದ್ವಿ. ಒಂದು ರಾತ್ರಿ ಪ್ರೆಸ್ಸಿಂದ ಲೇಟಾಗಿ ಬರ್ತಿದ್ದ. ಹಳೇ ಬಾವಿ ದಾಟಿ ತಲೆ ಎತ್ತಿದ್ರೆ, ಅವನ ರೂಮಿನ ಕಿಟಕಿ ಹಸಿರು... ಅಂದ್ರೆ ಯಾರೋ ಅವನ ಕಂಪ್ಯೂಟರಿಗೆ ಫೋನ್ ಮಾಡಿದಾರೆ.

ಇಂಟರ್ನೆಟ್ಟು ಮನೆಮನೆಗೆ ಬರೋಕೆ ಮುಂಚಿನ ಮಾತು. ತಂತಿ ಮನೇಲೇ ಒಂದು ಬುಲೆಟಿನ್ ಬೋರ್ಡ್ ನಡೆಸ್ತಿದ್ದ. ದೂರದವರು ತಮ್ಮ ಕಂಪ್ಯೂಟರಿಂದ ಫೋನ್ ಮಾಡಿ ಅಲ್ಲಿ ಕಾಗದ ಬಿಟ್ಟು ಹೋಗೋರು. ಬರೀ ಹಸಿರು ಅಕ್ಷರ ತೋರಿಸೋ ಪರದೆ, ಯಾರಾದ್ರೂ ಫೋನ್ ಮಾಡಿದಾಗ ಮಾತ್ರ ಬೆಳಗೋದು. ಆದ್ರೆ ಅವನ ಅಣ್ಣ, ಬೇರೆ ಊರಲ್ಲಿ ಕೆಲಸಕ್ಕಿದ್ದವನು, ಮಹಾ ಕಿಲಾಡಿ. ಕಾಗದದ ಸಾಲುಗಳ ಮಧ್ಯೆನೇ ಚಿತ್ರ ಮೂಡೋ ಹಾಗೆ ಮಾಡಿದ್ದ. ಆರು ಚುಕ್ಕಿ ಎತ್ತರದ ಒಂದೊಂದೇ ಪಟ್ಟಿ, ಮೇಲಿಂದ ಕೆಳಕ್ಕೆ.

ದೊಡ್ಡಮ್ಮ ಆ ಮಗನ ಮುಖ ನೋಡಿ ಎರಡು ವರ್ಷ ಆಗಿತ್ತು. “ಅಮ್ಮಾ, ನನ್ನ ಮುಖ ಕಳಿಸ್ತಿದೀನಿ, ನೋಡು” ಅಂತ ಬರೆದು ಅವನು ಶುರು ಮಾಡಿದ. ಕೂದಲು ಬಂತು... ಹಣೆ ಬಂತು... ಹುಬ್ಬು. ಅವಳಿಗೆ ತಡೀಲಿಲ್ಲ. ದನಿನೂ ಕೇಳುತ್ತೇನೋ ಅಂತ ಅಡುಗೆಮನೆ ಫೋನ್ ಎತ್ತಿಬಿಟ್ಲು. ಫೋನಿಗೂ ಕಂಪ್ಯೂಟರಿಗೂ ಮನೇಲಿದ್ದಿದ್ದು ಒಂದೇ ಲೈನು. ಟಕ್. ಪರದೆ ತುಂಬ ಕಸದಂಥ ಅಕ್ಷರ, ಚಿತ್ರ ಹುಬ್ಬಿಗೇ ನಿಂತುಹೋಯ್ತು.

ಮಾರನೇ ದಿನ ಲಾರಿ ಗುದ್ದಿ ಅಣ್ಣ ಹೋಗಿಬಿಟ್ಟ. ಮುಖದ ಮೇಲಿನ ಬಟ್ಟೆ ತೆಗೆಯೋಕೆ ಯಾರೂ ಬಿಡಲಿಲ್ಲ. “ನಾನೇ ಕಣೋ ಫೋನ್ ಎತ್ತಿದ್ದು, ನಾನೇ ಕಳ್ಕೊಂಡೆ” ಅಂತ ಆರು ತಿಂಗಳು ದೊಡ್ಡಮ್ಮಂದು ಅದೇ ಮಾತು. ರಾತ್ರಿ ಎದ್ದೆದ್ದು ಫೋನ್ ಮುಂದೆ ನಿಲ್ಲೋಳು.

ಹಾಂ... ಕಿಟಕಿ ಹಸಿರಾಗಿದ್ದ ಆ ರಾತ್ರಿ. ಅಣ್ಣ ಹೋಗಿ ಆರು ತಿಂಗಳಾಗಿತ್ತು. ತಂತಿ ಮೆಟ್ಟಿಲು ಹತ್ತಿ ಓಡಿದ. ಕಂಪ್ಯೂಟರನ್ನ ಫೋನ್ ಲೈನಿಗೆ ಜೋಡಿಸೋ ಮೋಡೆಮ್ಮು ಕಿರ್ರ್... ಶ್ಶ್ಶ್... ಅಂತಿತ್ತು. ಪರದೆ ಮೇಲೆ ಅಣ್ಣನ ಹೆಸರು. ಕೆಳಗೆ ಅದೇ ಚಿತ್ರ... ಹುಬ್ಬಿನಿಂದ ಮುಂದಕ್ಕೆ. ಕಣ್ಣು ಮೂಡ್ತಿತ್ತು.

ಬಾಗಿಲಲ್ಲಿ ದೊಡ್ಡಮ್ಮ.

“ಅಮ್ಮಾ... ಫೋನು...”

“ಮುಟ್ಟಿಲ್ಲಪ್ಪ.” ಎರಡೂ ಕೈ ಕಂಕುಳಲ್ಲಿ ಸಿಕ್ಕಿಸ್ಕೊಂಡಿದ್ಲು.

“ಕಟ್ ಮಾಡ್ಲಾ? ನಂಗೆ ಭಯ ಆಗ್ತಿದೆ.”

“ಸುಮ್ನಿರೋ... ಅವನಿನ್ನೂ ಮುಗಿಸಿಲ್ಲ.”

ಮೂಗು... ತುಟಿ... ಒಂದು ಗಾಯ ಇಲ್ಲ. ನಗ್ತಿದ್ದ. ಆಮೇಲೆ ಅಂಗಿ. ಗುಂಡಿ ಒಂದು... ಎರಡು... ಮೂರನೇದು ಮಾತ್ರ ದೊಡ್ಡದು. ದೊಡ್ಡಮ್ಮ ಪರದೆ ಹತ್ತಿರ ಮುಖ ತಂದಿದ್ದು ಆಗಲೇ. ಅದು ಅವಳೇ ಹೊಲಿದ ಅಂಗಿ. ಗುಂಡಿ ಸಾಲದೆ ತನ್ನ ಸ್ವೆಟರಿನದೊಂದು ಕಿತ್ತು ಹಾಕಿದ್ಲು. ಅವನಿಗೆ ಕಳಿಸೋಕೆ ಪೊಟ್ಟಣ ಕಟ್ಟಿಟ್ಟಿದ್ಲು. ಕಳಿಸೋಷ್ಟರಲ್ಲಿ ಅವನೇ ಇಲ್ಲ.

ಟಕ್. ಲೈನು ಹೋಯ್ತು. ಪರದೆ ಖಾಲಿ.

ಬೆಳಗ್ಗೆ ನನ್ನ ಕರೆಸಿದ್ರು. ಟ್ರಂಕಿನ ತಳದಲ್ಲಿ ಪೊಟ್ಟಣ ಇತ್ತು, ಅವಳು ಹಾಕಿದ ಗಂಟು ಹಾಗೇ ಇತ್ತು. ಕತ್ತರಿ ತಗೊಂಡು ದಾರ ಕತ್ತರಿಸಿದ್ದು ನಾನೇ. ಬೇರೆ ಯಾರೋ ಹೇಳಿದ್ರೆ ನಾನೂ ನಂಬ್ತಿರ್ಲಿಲ್ಲ... ಅಂಗಿಯ ಮೊಣಕೈ ಸುಕ್ಕಾಗಿತ್ತು. ಕಾಲರಿನ ಒಳಗೆ ಬೆವರಿನ ಗೆರೆ. ಈ ಕೈಯಾರೆ ಮುಟ್ಟಿದೀನಿ, ಇನ್ನೂ ಒದ್ದೆ ಇತ್ತು.

ದೊಡ್ಡಮ್ಮ ಆಮೇಲೆ ಫೋನ್ ಮುಂದೆ ನಿಲ್ಲಲಿಲ್ಲ. ಆ ಅಂಗಿನ ಮಾತ್ರ ಇವತ್ತಿಗೂ ಒಗೆದಿಲ್ಲ.