ಅಜ್ಜನ ಕಲ್ಲಿಗೆ ಲಗ್ನಪತ್ರಿಕೆ

ಶಿರಸಿಯ ಅಂಚೆ ಕಚೇರಿಯ ಸಾಲಿನಲ್ಲಿ ಮತ್ತಿಘಟ್ಟದ ನಾಗಿಯ ಮುಂದೆ ಬನವಾಸಿ ಕಡೆಯ ಅಕ್ಕ-ತಮ್ಮ ನಿಂತಿದ್ದರು. ಅಕ್ಕನ ಕೈಯಲ್ಲಿ ಅರಿಸಿನ ಹಚ್ಚಿದ ಲಗ್ನಪತ್ರಿಕೆಯ ಲಕೋಟೆ. ಜಗಳ ದಾರಿಯಲ್ಲೇ ಹತ್ತಿಕೊಂಡಿದ್ದಿರಬೇಕು. ನಾಗಿ ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಮೆಲ್ಲಕ ಮಾತಾಡು ನೀಲಕ್ಕಾ, ಮಂದಿ ನೋಡಾಕತ್ತಾರ.”

“ನೋಡಲಿ. ನಿನ್ನ ಮಗಳ ಲಗ್ನ. ನಮ್ಮನ್ಯಾಗ ಮೊದಲ ಪತ್ರಿಕಿ ಯಾರ ಮುಂದ ಇಡ್ತೀವಿ?”

“ಅಜ್ಜನ ಕಲ್ಲಿನ ಮುಂದ.”

“ಎಲ್ಲೈತಿ ಕಲ್ಲು?”

“ದಿಲ್ಲಿಯ ಹೊಸಾ ಮ್ಯೂಸಿಯಮ್ಮಿನಾಗ. ಇಡೀ ದೇಶ ನೋಡ್ತೈತಿ. ಊರಾಗಿದ್ದಾಗ ದನ ಬಂದು ಮೈ ತಿಕ್ಕತಿದ್ವು.”

“ತಿಕ್ಕಲಿ! ದನಾ ಉಳಸಾಕ ಹೋಗೇ ಜೀವಾ ಕೊಟ್ಟಾಂವ ಅಂವ. ನಿನಗ ಒಂದು ಶಾಲು ಹೊದಿಸಿದ್ರು, ಅಜ್ಜನ್ನ ಎತ್ತಿ ಕೊಟ್ಟಿ.”

“ದೇಶಕ್ಕ ಕೊಟ್ಟೆ, ಅಕ್ಕಾ.”

“ದಿಲ್ಲಿಗೆ ಹೋದಾಗ ನಾ ಕುಂಕುಮ ಹಚ್ಚಾಕ ಹೋದ್ರ ಕಾವಲಿನಾಂವ ಕೈ ಹಿಡದ. ದೇಶದ ಸೊತ್ತು, ಮುಟ್ಟಬ್ಯಾಡ ಅಂದ. ಹಂಗಾರ ನಾ ಯಾವ ದೇಶದಾಕಿ? ಹಲಗಿ ಮ್ಯಾಲೆ ಏನ ಬರದಾರ, ಓದಿಲ್ಲೇನು?”

“ವೀರಗಲ್ಲು, ಕರ್ನಾಟಕ ಅಂತ.”

“ಊರೂ ಇಲ್ಲ, ಮನೀನೂ ಇಲ್ಲ! ದಿಕ್ಕಿಲ್ಲದಾಂವ ಆದನಲ್ಲೋ!”

ಅಷ್ಟರಲ್ಲಿ ಅವರ ಸರದಿ ಬಂತು. ಗುಮಾಸ್ತ ಲಕೋಟೆಯನ್ನು ತಿರುಗಿಸಿ ನೋಡಿದ.

“ಮ್ಯೂಸಿಯಂ ವಿಳಾಸ ಇದೆ. ಯಾರ ಹೆಸರಿಗೆ?”

ಎಷ್ಟೋ ತಲೆಮಾರು ಹಿಂದಿನ ಆ ಕಲ್ಲಿನ ಅಜ್ಜನ ಹೆಸರು ಆ ಮನೆಯಲ್ಲೂ ಯಾರಿಗೂ ಗೊತ್ತಿದ್ದಂತಿರಲಿಲ್ಲ. ಅಕ್ಕ ಪೆನ್ನನ್ನು ತಮ್ಮನ ಕೈಗೆ ತುರುಕಿದಳು.

“ಕೊಟ್ಟಾಂವ ನೀನು, ನೀನ ಬರಿ. ‘ಅಜ್ಜ’ ಅಂತ ದೊಡ್ಡದಾಗಿ ಬರಿ. ಯಾರ ಅಜ್ಜ ಅಂತ ಅವರು ಕೇಳಲಿ. ಆವಾಗ ಊರು ಹೇಳೂಣು.”

ಅವನು ಬರೆದುಕೊಟ್ಟ. ಅಕ್ಕ ಅವನಿಗಾಗಿ ಕಾಯದೆ ಮೆಟ್ಟಿಲಿಳಿದು ನಡೆದಳು.